ನಿಲ್ಲದ ದಿನಗಳ ಬೋರ್ಡು

ನಮ್ಮ ಆಫೀಸಿಗೆ ಯಾರೇ ಬಂದರೂ ಯಜಮಾನರು ಮೊದಲು ತೋರಿಸುವುದು ಬೂಟನ್ನಲ್ಲ, ಚಪ್ಪಲಿಯನ್ನಲ್ಲ, ಒಂದು ಬೋರ್ಡನ್ನು. ಬಾಗಿಲು ದಾಟಿದ ಕೂಡಲೇ ಎದುರಿನ ಗೋಡೆಯಲ್ಲಿ ಕಪ್ಪು ಹಲಗೆ, ಅದರ ಮೇಲೆ ಬಿಳಿ ಅಕ್ಷರ: 'ನಮ್ಮ ಸರ್ವರ್ ನಿಲ್ಲದೆ ನಡೆದ ದಿನಗಳು'. ಕೆಳಗೆ ನಾಲ್ಕು ಮೊಳೆ, ಮೊಳೆಗೊಂದರಂತೆ ತಗಡಿನ ಅಂಕಿ. ದಿನಾ ಬೆಳಿಗ್ಗೆ ಹತ್ತಕ್ಕೆ ಯಜಮಾನರು ಸ್ವತಃ ಸ್ಟೂಲು ಹತ್ತಿ ಕೊನೆಯ ಅಂಕಿ ಬದಲಾಯಿಸುತ್ತಾರೆ. ಸ್ಟೂಲು ಅಲುಗದಂತೆ ಹಿಡಿದುಕೊಳ್ಳುವುದು ಅವರ ಹೆಂಡತಿಯ ತಮ್ಮನ ಕೆಲಸ. ಹುದ್ದೆಯಲ್ಲಿ ಆತ ಮ್ಯಾನೇಜರು. ಯಜಮಾನರು ಏನೇ ಅಂದರೂ "ಹೌದು ಭಾವ" ಎನ್ನುವುದರಿಂದ ವರ್ಕ್‌ಶಾಪಿನವರೆಲ್ಲ ಅವನಿಗೆ ಹೌದಪ್ಪ ಎಂದು ಹೆಸರಿಟ್ಟಿದ್ದಾರೆ.

ನಮ್ಮದು ಬೂಟು ಹೊಲಿಯುವ ಸಂಸ್ಥೆ. ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಬೂಟುಗಳಲ್ಲಿ ಒಂದೂ ಹೊಂದದವರಿಗಾಗಿ ಹೊಲಿಯುತ್ತೇವೆ. ಒಂದು ಕಾಲು ಗಿಡ್ಡ ಇರುವವರು, ಪಾದ ತಿರುಚಿಕೊಂಡವರು, ಅಪಘಾತದಲ್ಲಿ ಬೆರಳು ಕಳೆದುಕೊಂಡವರು, ಹುಟ್ಟುವಾಗಲೇ ಹಿಮ್ಮಡಿ ಸರಿಯಿಲ್ಲದವರು ಹೀಗೆ ಎಲ್ಲರೂ ನಮ್ಮಲ್ಲಿಗೆ ಬರುತ್ತಾರೆ. ಕುಂಟುತ್ತಾ ಬಂದವರು ನೆಟ್ಟಗೆ ನಡೆದುಕೊಂಡು ಹೋಗುತ್ತಾರೆ. ಇದರಲ್ಲಿ ಸರ್ವರಿನ ಪಾತ್ರ ಎಷ್ಟು ಎಂದು ನೀವು ಕೇಳಬಹುದು. ನಾನೂ ಹಲವು ಸಲ ಕೇಳಿಕೊಂಡಿದ್ದೇನೆ.

ನಾನು ಈ ಆಫೀಸಿನ ದಾಖಲೆ ಗುಮಾಸ್ತೆ. ಸರ್ವರ್ ಬಂದ ದಿನ ಯಜಮಾನರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಇದನ್ನ ನೋಡ್ಕೊಳ್ಳೋರು ಯಾರು?" ಎಂದು ಕೇಳಿದರು. ಉಳಿದವರೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ನಾನು ಆಗ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದೆ. ತಲೆ ಎತ್ತಿ ನೋಡಿದರೆ ಮುಂದೆ ನಿಂತವಳು ನಾನೊಬ್ಬಳೇ. ಹೀಗೆ ಆಯ್ಕೆಯಾದ ಮೇಲೆ ಪುಸ್ತಕ ಓದಿ, ಅವರಿವರನ್ನು ಕಾಡಿ, ನಾಲ್ಕು ಸಲ ಶಾಕ್ ಹೊಡೆಸಿಕೊಂಡು ಕೆಲಸ ಕಲಿತೆ. ಈಗ ಚೆನ್ನಾಗಿಯೇ ಬರುತ್ತದೆ, ಸುಳ್ಳು ವಿನಯ ಯಾಕೆ?

ಮರದ ಕಾಲಚ್ಚುಗಳನ್ನು ತುಂಬುತ್ತಿದ್ದ ಹಳೆಯ ಉಗ್ರಾಣವೇ ಸರ್ವರಿನ ಕೋಣೆ. ಕಿಟಕಿ ಇಲ್ಲ. ಚರ್ಮದ ಹೊಟ್ಟು ಎಲ್ಲೆಲ್ಲಿಂದಲೋ ಹಾರಿಬಂದು ಸರ್ವರಿನ ಫ್ಯಾನಿನ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ. ವಾರಕ್ಕೊಮ್ಮೆ ಪಾಲಿಶ್ ಬ್ರಶ್ಶಿನಲ್ಲಿ ಅದನ್ನು ಉಜ್ಜಿ ತೆಗೆಯುತ್ತೇನೆ, ಅದೂ ಫ್ಯಾನು ತಿರುಗುತ್ತಿರುವಾಗಲೇ. ಯಾಕೆಂದರೆ ನಿಲ್ಲಿಸುವಂತಿಲ್ಲ. ಬ್ಯಾಟರಿ ಬದಲಿಸಬೇಕಾದಾಗ ಹಳೆಯದು ಬಿಚ್ಚುವ ಮೊದಲೇ ಹೊಸದರ ತಂತಿ ಸೇರಿಸುತ್ತೇನೆ, ಉಸಿರು ಬಿಗಿಹಿಡಿದುಕೊಂಡು. ಕರೆಂಟು ಹೋದರೆ ವರ್ಕ್‌ಶಾಪಿನವರು ಕತ್ತಲಲ್ಲಿ ಬೆರಳು ಚುಚ್ಚಿಸಿಕೊಳ್ಳುತ್ತಾರೆ. ಜನರೇಟರ್ ಇರುವುದು ಸರ್ವರಿಗೆ ಮಾತ್ರ. ಪರದೆಯ ಮೇಲೆ ದಿನಕ್ಕೊಮ್ಮೆ ಒಂದು ಚೌಕ ಮೂಡುತ್ತದೆ: ಹೊಸ ರಿಪೇರಿಗಳು ಬಂದಿವೆ, ಈಗ ನಿಲ್ಲಿಸಿ ಮತ್ತೆ ಶುರುಮಾಡಲೇ, ಆಮೇಲೆಯೇ? ನಾನು 'ಆಮೇಲೆ' ಒತ್ತುತ್ತೇನೆ. ಐದು ವರ್ಷದಿಂದ ದಿನಾ ಒತ್ತಿದ್ದೇನೆ. ಇಷ್ಟೊಂದು 'ಆಮೇಲೆ'ಗಳನ್ನು ಒಟ್ಟಿಗೆ ಪೇರಿಸಿದರೆ ಒಂದು ದಿನ ಯಾರ ತಲೆಯ ಮೇಲೆ ಕುಸಿಯುತ್ತದೆ ಎಂದು ಯೋಚಿಸಿದ್ದೆ. ನನ್ನ ತಲೆಯ ಮೇಲೆಯೇ ಎಂದು ಗೊತ್ತಿತ್ತು.

ಆ ಸರ್ವರ್ ಪೆಟ್ಟಿಗೆಯಲ್ಲಿ ಬಿಲ್ಲುಗಳಿವೆ, ವಿಳಾಸಗಳಿವೆ, ಅಳತೆಗಳಿವೆ. ಅವೆಲ್ಲ ಹೋದರೂ ಬದುಕಬಹುದು. ಹೋಗಬಾರದ್ದು ನಮ್ಮಣ್ಣನ ಟಿಪ್ಪಣಿಗಳು.

ನಮ್ಮಣ್ಣ ಇಲ್ಲಿಯ ದೊಡ್ಡ ಮೇಸ್ತ್ರಿ. ನಲವತ್ತು ವರ್ಷ ಜನರ ಕಾಲು ಹಿಡಿದವನು. ಬೆಣ್ಣೆ ಹಚ್ಚಲು ಅಲ್ಲ, ಅಳೆಯಲು. ಇಂಚುಪಟ್ಟಿಗೆ ಸಿಗದ್ದು ಅವನ ಕೈಗೆ ಸಿಗುತ್ತದೆ. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ವೈದ್ಯರು ಹೇಳಿದ ವಾರವೇ ಅವನು ನನ್ನನ್ನು ಕರೆದು, "ತಂಗೀ, ನಾನು ಹೇಳ್ತೀನಿ, ನೀನು ಟೈಪ್ ಹೊಡ್ಕೋ. ನಾನು ಹೋದ್ಮೇಲೆ ಬರೋನಿಗೆ ಬೇಕಾಗತ್ತೆ" ಅಂದ. ಅಂದಿನಿಂದ ಸಂಜೆ ಐದರಿಂದ ಆರರವರೆಗೆ ಅವನು ಹೇಳುವುದು, ನಾನು ಟೈಪು ಮಾಡುವುದು. ಪಕ್ಕದಲ್ಲಿ ಅವನು ಗೀಚಿಕೊಟ್ಟ ಚಿತ್ರಗಳನ್ನೂ ಸೇರಿಸುತ್ತಿದ್ದೆ. ಒಂದು ಸಾವಿರದ ನೂರ ಹದಿನೇಳು ಜನರ ಕಾಲು ಹೀಗೆ ಒಳಗೆ ಹೋಯಿತು.

ಅವು ಎಂಥ ಟಿಪ್ಪಣಿಗಳು ಎನ್ನುವುದಕ್ಕೆ ನೆನಪಿನಲ್ಲಿರುವ ಎರಡು ಹೇಳುತ್ತೇನೆ. 'ಟೀಚರ್. ಎಡಗಾಲು ಅರ್ಧ ಇಂಚು ಗಿಡ್ಡ. ನೋವಿದ್ದರೂ ಬಾಯಿಬಿಡುವುದಿಲ್ಲ, ತುಟಿ ಕಚ್ಚುತ್ತಾರೆ. ಬೂಟು ತೊಡಿಸುವಾಗ ಕಾಲು ನೋಡಬೇಡ, ತುಟಿ ನೋಡು.' ಇನ್ನೊಂದು: 'ಅಂಚೆಯವನು. ಚೀಲ ಬಲಹೆಗಲಿಗೆ. ಚೀಲವಿಲ್ಲದೆ ಅಳತೆ ತೆಗೆದರೆ ಸುಳ್ಳು ಅಳತೆ ಬರುತ್ತದೆ.' ಓದುತ್ತಾ ಹೋದರೆ ಅವರೆಲ್ಲ ಎದುರಿಗೆ ನಡೆದು ಹೋದಂತಾಗುತ್ತಿತ್ತು.

ಬೋರ್ಡು ಎರಡು ಸಾವಿರ ಮುಟ್ಟಿ ಎರಡು ತಿಂಗಳಿಗೆ ಅಣ್ಣ ಕೆಲಸ ಬಿಡುವವನಿದ್ದ. ಅವನ ಜಾಗಕ್ಕೆ ಬಂದ ಹೊಸ ಮೇಸ್ತ್ರಿ ಒಳ್ಳೆಯ ಕೆಲಸಗಾರ, ಹೊಲಿಗೆ ಮುತ್ತಿನಂತೆ ಇಡುತ್ತಾನೆ. ಆದರೆ ಈ ಕಾಲುಗಳನ್ನು ಅವನು ಕಂಡಿಲ್ಲ. ಟಿಪ್ಪಣಿ ಇದ್ದರೆ ಅವನು ಮೇಸ್ತ್ರಿ, ಇಲ್ಲದಿದ್ದರೆ ಬರೀ ಚರ್ಮ ಕತ್ತರಿಸುವವನು.

ಇಷ್ಟು ಮುಖ್ಯವಾದದ್ದನ್ನು ಇನ್ನೊಂದು ಕಡೆ ಇಟ್ಟುಕೊಳ್ಳಬಾರದಿತ್ತೇ ಎಂದರೆ, ನಮ್ಮ ಯಜಮಾನರು ನಿಮಗೆ ಗೊತ್ತಿಲ್ಲ. ಬೇರೆ ಬೂಟಿನವರು ತಮ್ಮ ಅಳತೆ ಕದಿಯುತ್ತಾರೆ ಎನ್ನುವುದು ಅವರ ಹಗಲಿನ ಚಿಂತೆ, ರಾತ್ರಿಯ ಕನಸು. ಪೆನ್‌ಡ್ರೈವ್ ಚುಚ್ಚಬಹುದಾದ ಪ್ರತಿ ತೂತಿಗೂ ಬೂಟಿನ ಅಡಿಗೆ ಹಾಕುವ ಅಂಟನ್ನು ತಾವೇ ನಿಂತು ಸುರಿಸಿದರು. ಆ ಅಂಟು ಒಣಗಿದರೆ ಹೋರಿ ಕಟ್ಟಿ ಎಳೆದರೂ ಬಿಡುವುದಿಲ್ಲ. ಇಂಟರ್‌ನೆಟ್ ತಂತಿಯನ್ನು ಚರ್ಮದ ಕತ್ತರಿಯಲ್ಲಿ ಕತ್ತರಿಸಿದರು. ಪ್ರಿಂಟರ್ ಅವರ ಮೇಜಿನ ಪಕ್ಕದಲ್ಲೇ ಇದೆ, ಅದರಲ್ಲಿ ಬಿಲ್ಲು ಮಾತ್ರ ಅಚ್ಚಾಗಬೇಕು. ನಮ್ಮ ಫೋನುಗಳು ಬಾಗಿಲ ಬಳಿಯ ಬುಟ್ಟಿಗೆ. ಅಣ್ಣನ ಚೀಟಿಗಳನ್ನು ನಾನು ಟೈಪು ಮಾಡಿ ಮುಗಿಸಿದ ದಿನವೇ ಹೌದಪ್ಪ ಒಯ್ದು ಸುಡುತ್ತಿದ್ದ.

ಒಂದು ಸಲ ಬೇರೆಯೇ ಡಿಸ್ಕಿನಲ್ಲಿ ನಕಲು ಇಡೋಣ ಎಂದು ಕೇಳಿದೆ.

"ಅದರಲ್ಲಿ ಎರಡು ಡಿಸ್ಕು ಇದೆ ಅಂತ ನೀವೇ ಹೇಳಿದ್ರಿ. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರತ್ತೆ ಅಂದ್ರಿ. ಮತ್ತೆ ಮೂರನೇದು ಯಾಕಮ್ಮಾ?" ಅಂದರು ಯಜಮಾನರು.

"ಪೆಟ್ಟಿಗೇನೇ ಕೆಟ್ಟರೆ ಎರಡೂ ಒಟ್ಟಿಗೆ ಹೋಗತ್ತೆ ಸರ್."

"ಮೂರನೇ ಡಿಸ್ಕು ಅಂದ್ರೆ ಮೂರನೇ ಕಳ್ಳ."

"ಹೌದು ಭಾವ" ಎಂದ ಹೌದಪ್ಪ. ವಿಷಯ ಅಲ್ಲಿಗೆ ಮುಗಿಯಿತು.

ಬೋರ್ಡಿನಲ್ಲಿ ಸಾವಿರದ ಏಳುನೂರ ಐವತ್ತೆಂಟು ಇದ್ದ ದಿನ ಎರಡು ಡಿಸ್ಕುಗಳಲ್ಲಿ ಒಂದು ಸತ್ತಿತು. ಪೆಟ್ಟಿಗೆಯ ಮುಂಭಾಗದಲ್ಲಿ ಕೆಂಪು ದೀಪ ಹತ್ತಿಕೊಂಡಿತು, ಒಳಗಿನಿಂದ ಪೀಂ ಪೀಂ ಎಂದು ಸದ್ದು ಶುರುವಾಯಿತು. ನಾನು ಓಡಿಹೋಗಿ ಯಜಮಾನರಿಗೆ ಹೇಳಿದೆ: ಒಂದು ಗಂಟೆ ಸಾಕು, ನಿಲ್ಲಿಸಿ ಹೊಸ ಡಿಸ್ಕು ಹಾಕುತ್ತೇನೆ, ಈ ಜಾತಿಯ ಪೆಟ್ಟಿಗೆಯಲ್ಲಿ ಓಡುತ್ತಿರುವಾಗ ಡಿಸ್ಕು ಬದಲಿಸಲು ಬರುವುದಿಲ್ಲ.

ಅವರು ನನ್ನ ಮುಖ ನೋಡಲಿಲ್ಲ, ಬೋರ್ಡು ನೋಡಿದರು.

"ನಿಲ್ಲಿಸಿದ್ರೆ?"

"ಮತ್ತೆ ಒಂದರಿಂದ ಎಣಿಸ್ಬೇಕು ಸರ್."

ಮನೆಯಲ್ಲಿ ಸಾವಾಗಿದೆ ಎಂದು ಹೇಳಿದ್ದರೂ ಅವರ ಮುಖ ಅಷ್ಟು ಕಪ್ಪಿಡುತ್ತಿರಲಿಲ್ಲ. ಎರಡು ಸಾವಿರದ ದಿನಕ್ಕೆ ಬೂಟು ತಯಾರಕರ ಸಂಘದವರನ್ನೆಲ್ಲ ಕರೆದು ಸಮಾರಂಭ ಮಾಡುವುದೆಂದು ಆಗಲೇ ತೀರ್ಮಾನವಾಗಿತ್ತು. ಸಂಘದ ಅಧ್ಯಕ್ಷರ ಆಫೀಸಿನ ಸರ್ವರ್ ಹೋದ ವರ್ಷ ಮೂರು ದಿನ ಮಲಗಿತ್ತು. ಅವರ ಎದುರಿಗೆ ಈ ಬೋರ್ಡು ತೋರಿಸುವ ಸುಖವನ್ನು ಯಜಮಾನರು ಮನಸ್ಸಿನಲ್ಲೇ ಚಪ್ಪರಿಸುತ್ತಿದ್ದರು.

"ಇನ್ನೊಂದು ಡಿಸ್ಕು ಓಡ್ತಿದೆ ತಾನೆ? ಎರಡು ಸಾವಿರ ಆಗ್ಲಿ, ಆಮೇಲೆ ಒಂದು ಗಂಟೆ ಅಲ್ಲ, ಒಂದು ದಿನ ತಗೊಳ್ಳಿ. ಈಗ ಮೊದ್ಲು ಆ ಪೀಂ ಪೀಂ ನಿಲ್ಸಿ. ಬಂದೋರು ಏನಂದ್ಕೊಳ್ತಾರೆ?"

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಸದ್ದನ್ನು ಅಡಗಿಸಿದೆ. ಕೆಂಪು ದೀಪವನ್ನು ಆರಿಸಲು ಆಗದ್ದರಿಂದ ಅಣ್ಣನ ಬಳಿ ಹೋಗಿ, "ಒಂದು ರೂಪಾಯಿ ಅಗಲದ ಚರ್ಮ ಕತ್ತರಿಸಿಕೊಡು" ಎಂದೆ. ಅವನು ಯಾಕೆ ಏನು ಎಂದು ಕೇಳದೆ ಗುಂಡಗೆ ಕತ್ತರಿಸಿ, ಅಂಚನ್ನು ತೆಳ್ಳಗೆ ಹೆರೆದು ಕೊಟ್ಟ. ಅದನ್ನು ದೀಪದ ಮೇಲೆ ಅಂಟಿಸಿದೆ. ನೋಡಲು ಕಂಪನಿಯವರೇ ಹಾಕಿದ್ದಾರೆ ಅನ್ನಿಸುವಷ್ಟು ಅಚ್ಚುಕಟ್ಟಾಗಿತ್ತು. ಹೊಸ ಡಿಸ್ಕನ್ನು ಕೊಡಿಸಿದ್ದರು, ಅದು ನನ್ನ ಮೇಜಿನ ಡ್ರಾಯರಿನಲ್ಲಿ ಪ್ಲಾಸ್ಟಿಕ್ಕು ಬಿಚ್ಚದೆ ಎಂಟು ತಿಂಗಳು ಕೂತಿತು. ಪ್ರತಿ ವಾರ ಯಜಮಾನರಿಗೆ ನೆನಪಿಸಿದೆ, ಪ್ರತಿ ವಾರ ಅವರು ಬೆರಳು ಮಡಚಿ ಉಳಿದ ದಿನ ಎಣಿಸಿದರು. ನನಗೆ ಕೋಪ ಬರುತ್ತಿತ್ತು. ಬಂದ ಕೋಪವನ್ನು ಫ್ಯಾನಿನ ರೆಕ್ಕೆ ಉಜ್ಜುವುದರಲ್ಲಿ ತೀರಿಸಿಕೊಳ್ಳುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಫ್ಯಾನಿನಷ್ಟು ಶುಭ್ರವಾದ ಫ್ಯಾನು ಎಲ್ಲೂ ಇದ್ದಿರಲಿಕ್ಕಿಲ್ಲ.

ಈಗ ಯಜಮಾನರ ಒಂದು ಗುಟ್ಟು ಹೇಳಬೇಕು. ಅಣ್ಣನ ಟಿಪ್ಪಣಿಯಲ್ಲಿ ಒಂದನೇ ನಂಬರಿನ ಕಾಲು ಅವರದೇ. ಬಲಗಾಲು ಮುಕ್ಕಾಲು ಇಂಚು ಗಿಡ್ಡ. ಅದು ಅಣ್ಣನಿಗೆ, ನನಗೆ, ಅವರ ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಹೌದಪ್ಪನಿಗೂ. ಅಣ್ಣ ಮಾಡಿಕೊಟ್ಟ ಬೂಟಿನ ಒಳಗೆ ಆರು ಪದರ ಚರ್ಮ, ಒಂದೊಂದಕ್ಕೆ ಒಂದೊಂದು ಓರೆ. ಹೊರಗಿನಿಂದ ಎರಡೂ ಬೂಟು ಒಂದೇ ಥರ. ಊರಿನವರ ಕಾಲು ಸರಿಮಾಡುವ ಸಂಸ್ಥೆಯ ಯಜಮಾನನಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕೇ? ಆದರೆ ಅವರು ಅದನ್ನು ಕಳಂಕ ಎಂದುಕೊಂಡರು. ಹೇಳಿಕೊಳ್ಳಬೇಕಾದ್ದನ್ನು ಬೂಟಿನೊಳಗೆ ಮುಚ್ಚಿಟ್ಟರು, ಹೇಳಿಕೊಳ್ಳಲು ಏನೂ ಇಲ್ಲದ್ದನ್ನು ಗೋಡೆಗೆ ನೇತುಹಾಕಿದರು.

ಸಾವಿರದ ಒಂಬೈನೂರ ತೊಂಬತ್ತೈದನೇ ದಿನ ಆ ಬೂಟಿನ ಒಳಪದರ ಕೊಳೆತು ಸೀಳು ಬಿಟ್ಟಿತು. ಅಣ್ಣ ಆ ವಾರ ಕಣ್ಣಿನ ಆಸ್ಪತ್ರೆಗೆ ಓಡಾಡುತ್ತಿದ್ದ. ಸಮಾರಂಭಕ್ಕೆ ಐದೇ ದಿನ. ಯಜಮಾನರು ಬೇರೆ ದಾರಿ ಕಾಣದೆ ಹೊಸ ಮೇಸ್ತ್ರಿಯನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಟಿಪ್ಪಣಿಯಲ್ಲಿ ಎಲ್ಲ ಇದೆ, ನೋಡಿಕೊಂಡು ಹೊಸ ಪದರ ಕೂರಿಸು ಎಂದರಂತೆ. ಆತ ಧೈರ್ಯವಾಗಿ ಹಳೆಯ ಬೂಟನ್ನು ಬಿಚ್ಚಿ, ಆರು ಪದರಗಳನ್ನೂ ಎಬ್ಬಿಸಿ ಮೇಜಿನ ಮೇಲೆ ಹರಡಿದ. ಕೊಳೆತ ಚರ್ಮ ಅವನ ಕೈಯಲ್ಲೇ ಪುಡಿಯಾಯಿತು. ಆಮೇಲೆ ಟಿಪ್ಪಣಿ ತೆರೆಯಲು ಬಂದ.

ಒಂದನೇ ನಂಬರು ತೆರೆಯಲಿಲ್ಲ.

ನಾನು ಕೋಣೆಗೆ ಹೋಗಿ ಪೆಟ್ಟಿಗೆಗೆ ಕಿವಿ ಇಟ್ಟೆ. ಒಳಗಿನಿಂದ ಟಕ್, ಟಕ್ ಎಂದು ಉಗುರಿನಲ್ಲಿ ಬಡಿದಂಥ ಸದ್ದು ಬರುತ್ತಿತ್ತು. ಉಳಿದಿದ್ದ ಒಂದೇ ಡಿಸ್ಕೂ ಕೈಕೊಡುತ್ತಿತ್ತು. ಬೇರೆ ಟಿಪ್ಪಣಿಗಳನ್ನು ತೆರೆದು ನೋಡಿದೆ. ಹತ್ತರಲ್ಲಿ ಏಳು ತೆರೆದವು, ಅವೂ ಒದ್ದಾಡಿಕೊಂಡು.

ಯಜಮಾನರ ಕೋಣೆಗೆ ಹೋದಾಗ ಅವರು ಕಾಲಿಗೆ ಮನೆಯ ಚಪ್ಪಲಿ ಹಾಕಿಕೊಂಡು, ಕುರ್ಚಿ ಬಿಟ್ಟು ಏಳದೆ ಕೂತಿದ್ದರು.

"ಸರ್, ಈಗ್ಲೇ ಹೊಸ ಡಿಸ್ಕು ಹಾಕಿದ್ರೆ ಉಳಿದಷ್ಟನ್ನಾದ್ರೂ ಅದಕ್ಕೆ ತುಂಬಿಸ್ಕೋಬಹುದು. ನಿಲ್ಲಿಸ್ಲೇಬೇಕು."

"ನನ್ನದು ಸಿಗತ್ತಾ?"

"ನಿಮ್ಮದು ಅಂತಲ್ಲ, ಎಲ್ಲರದೂ ಉಳಿಸ್ಬೇಕು."

"ನನ್ನದು ಸಿಗತ್ತಾ ಅಂತ ಕೇಳಿದೆ."

"ಪ್ರಯತ್ನ ಮಾಡ್ತೀನಿ" ಎಂದೆ. ಎಂಟು ತಿಂಗಳು ಗೋಗರೆದರೂ ಆಗದ್ದು ಒಂದು ಜೊತೆ ಬೂಟಿನಿಂದ ಆಯಿತು. ಯಜಮಾನರು ಮೇಜಿನ ಗಾಜಿನ ಮೇಲೆ ಬೆರಳಿನಿಂದ ಅಂಕಿಗಳನ್ನು ಗೀಚಿದರು, ಅಳಿಸಿದರು, ಮತ್ತೆ ಗೀಚಿದರು.

"ಸರಿ. ಆದ್ರೆ ಯಾರಿಗೂ ಗೊತ್ತಾಗ್ಬಾರ್ದು. ಬೋರ್ಡು ಮುಟ್ಟೋ ಹಾಗಿಲ್ಲ."

ಮಾರನೇ ದಿನ ಹನ್ನೊಂದು ಗಂಟೆಗೆ ಇಡೀ ಆಫೀಸನ್ನು ಅಂಗಳಕ್ಕೆ ಕರೆದು ಹೌದಪ್ಪ 'ನಿರಂತರತೆಯ ಮಹತ್ವ' ಎಂಬ ವಿಷಯದ ಮೇಲೆ ಭಾಷಣ ಶುರುಮಾಡಿದ. ಅದೇ ಹೊತ್ತಿಗೆ ಒಳಗೆ ಯಜಮಾನರು ಮನೆಯ ಚಪ್ಪಲಿಯಲ್ಲೇ ಉಗ್ರಾಣದ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ನಿಂತರು, ನಾನು ಪೆಟ್ಟಿಗೆಯ ಗುಂಡಿ ಒತ್ತಿದೆ. ಫ್ಯಾನು ನಿಧಾನವಾಗಿ ನಿಂತಿತು. ಆ ಕೋಣೆಯಲ್ಲಿ ಅಷ್ಟು ಮೌನ ಇರಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಹೊರಗಿನಿಂದ ಹೌದಪ್ಪನ ಮಾತು ಕೇಳುತ್ತಿತ್ತು: "ನೀರು ನಿಲ್ಲಲ್ಲ, ಗಾಳಿ ನಿಲ್ಲಲ್ಲ, ನಮ್ಮ ಸರ್ವರೂ ನಿಲ್ಲಲ್ಲ!"

ಸತ್ತ ಡಿಸ್ಕು ತೆಗೆದೆ. ಹೊಸದನ್ನು ಕೂರಿಸಿದೆ. ಗುಂಡಿ ಒತ್ತಿದೆ.

ದೀಪ ಹತ್ತಿತು. ಫ್ಯಾನು ತಿರುಗಿತು. ಆದರೆ ಹಳೆಯ ಡಿಸ್ಕು ತಿರುಗಲಿಲ್ಲ. ಐದೂವರೆ ವರ್ಷ ಎಡೆಬಿಡದೆ ತಿರುಗಿದ್ದು, ಒಂದು ಸಲ ನಿಂತಿತು ನೋಡಿ, ಮತ್ತೆ ಏಳಲೊಲ್ಲದು. ಮೂರು ಸಲ ಟಕ್ ಎಂದಿತು, ಸುಮ್ಮನಾಯಿತು. ಆರಿಸಿ ಹಚ್ಚಿದೆ. ತಂತಿ ಬದಲಿಸಿದೆ. ಕೈಯಲ್ಲಿ ಹಿಡಿದು ಮೆಲ್ಲಗೆ ಅಲುಗಿಸಿದೆ. ಕೊನೆಗೆ ನನಗೆ ಗೊತ್ತಿದ್ದ ಎಲ್ಲ ವಿದ್ಯೆ ಮುಗಿದು, "ಏಳು ಮಾರಾಯ, ಏಳು" ಎಂದು ಬೇಡಿಕೊಂಡೆ. ಪರದೆಯ ಮೇಲೆ ಒಂದೇ ಸಾಲು: ಓದಲು ಏನೂ ಸಿಗಲಿಲ್ಲ.

"ಆಯ್ತಾ?" ಎಂದರು ಯಜಮಾನರು ಬಾಗಿಲಿನಿಂದಲೇ.

"ಇಲ್ಲ ಸರ್. ಹೋಯ್ತು."

"ಏನು ಹೋಯ್ತು? ದೀಪ ಹತ್ತಿದೆಯಲ್ಲ?"

"ದೀಪ ಹತ್ತಿದೆ. ಒಳಗೆ ಏನೂ ಇಲ್ಲ."

ಅವರು ಒಳಗೆ ಬಂದು ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದರು. ಹಸಿರು ದೀಪ ಮಿನುಗುತ್ತಿತ್ತು, ಫ್ಯಾನು ಗುಂಯ್ ಎನ್ನುತ್ತಿತ್ತು. ನಿಧಾನವಾಗಿ ಅವರ ಮುಖದಲ್ಲಿ ಬಣ್ಣ ಮರಳಿತು.

"ಬಂದೋರು ದೀಪ, ಫ್ಯಾನು ತಾನೇ ನೋಡೋದು?" ಎಂದರು.

ಡಿಸ್ಕನ್ನು ರಿಪೇರಿಯವನಲ್ಲಿಗೆ ಒಯ್ದುಕೊಟ್ಟೆ. ಅವನು ಅದನ್ನು ಕಿವಿಯ ಬಳಿ ಹಿಡಿದು ತಿರುಗಿಸಿ, ಒಳಗಿನ ತಟ್ಟೆಯೇ ಗೀಚಿಹೋಗಿದೆ, ಆಸೆ ಇಟ್ಟುಕೊಳ್ಳಬೇಡಿ ಎಂದು ಹೇಳಿ ವಾಪಸು ಕೊಟ್ಟ. ಮೊದಲನೇ ಡಿಸ್ಕು ಸತ್ತಾಗ ಎರಡನೆಯದು ಇನ್ನೂ ಗಟ್ಟಿಯಾಗಿತ್ತು. ಅಂದು ಒಂದು ಗಂಟೆ ಸಿಕ್ಕಿದ್ದರೆ ಎಲ್ಲವೂ ಉಳಿಯುತ್ತಿತ್ತು. ಒಂದೇ ಒಂದು ಗಂಟೆ.

ಸಂಜೆ ಅಣ್ಣ ಆಸ್ಪತ್ರೆಯಿಂದ ನೇರವಾಗಿ ವರ್ಕ್‌ಶಾಪಿಗೆ ಬಂದು ತನ್ನ ಮಣೆಯ ಮೇಲೆ ಕೂತಿದ್ದ. ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಏನೂ ಕಾಣುತ್ತಿರಲಿಲ್ಲ. ಆದರೂ ಕೈ ಒಂದು ಚರ್ಮದ ತುಂಡನ್ನು ಸವರುತ್ತಿತ್ತು. ನಾನು ಎದುರಿಗೆ ಕೂತೆ. ಹೇಗೆ ಹೇಳಲಿ ಎಂದು ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು.

"ಅಣ್ಣ, ಟಿಪ್ಪಣಿ ಹೋಯ್ತು."

"ಎಷ್ಟು?"

"ಎಲ್ಲಾ."

ಅವನ ಕೈ ನಿಂತಿತು. ಟೀಚರ್, ಅಂಚೆಯವನು, ಮೊಣಕಾಲು ಮಡಚಲಾಗದ ಗಡಿಯಾರ ರಿಪೇರಿಯವನು, ಮದುವೆಯ ದಿನಕ್ಕೆ ಹಿಮ್ಮಡಿ ಎತ್ತರದ ಬೂಟು ಬೇಕೆಂದು ಅತ್ತ ಹುಡುಗಿ, ಎಲ್ಲರೂ ಅವನ ಮುಖದ ಮೇಲೆ ಹಾದುಹೋದದ್ದನ್ನು ನಾನು ಕಂಡೆ.

"ಒಂದೇ ಸಲಕ್ಕೆ ಹೋಯ್ತಾ?"

"ಇಲ್ಲ. ಎಂಟು ತಿಂಗಳ ಹಿಂದೇನೇ ಕೆಂಪು ದೀಪ ಹತ್ತಿತ್ತು."

"ನೀನು ನೋಡ್ಲಿಲ್ವಾ?"

"ನೋಡ್ದೆ. ಮೇಲೆ ಚರ್ಮ ಅಂಟಿಸ್ದೆ."

"ಆ ರೂಪಾಯಿ ಅಗಲದ್ದಾ?"

"ಹ್ಞೂಂ."

"ನಾನೇ ಕತ್ತರಿಸಿಕೊಟ್ಟೆ. ಯಾಕೆ ಅಂತ ಕೇಳ್ಲಿಲ್ಲ." ಅವನು ಕಣ್ಣೊರೆಸಿಕೊಂಡ, ಔಷಧಿಯೋ ನೀರೋ ಗೊತ್ತಾಗಲಿಲ್ಲ. "ಅಂಚು ಬೇರೆ ಹೆರೆದು ಕೊಟ್ಟೆ, ದರಿದ್ರದವನು."

ನನಗೆ ಅಳು ತಡೆಯಲಾಗಲಿಲ್ಲ. ಯಜಮಾನರು ಬೋರ್ಡಿಗಾಗಿ ಸುಮ್ಮನಿದ್ದರು, ನಾನು ಕೆಲಸಕ್ಕಾಗಿ ಸುಮ್ಮನಿದ್ದೆ. ಇಬ್ಬರಲ್ಲಿ ಯಾರು ಹೆಚ್ಚು ಅಗ್ಗಕ್ಕೆ ಸುಮ್ಮನಾದದ್ದು ಎಂದು ಆ ಮಣೆಯ ಮುಂದೆ ಕೂತು ಲೆಕ್ಕ ಹಾಕಿದೆ. ಉತ್ತರ ನನಗೆ ಇಷ್ಟವಾಗಲಿಲ್ಲ.

ಎರಡು ಸಾವಿರದ ದಿನ ಬಂದೇಬಂತು. ನಿಜ ಹೇಳಬೇಕೆಂದರೆ ಅದು ನಾಲ್ಕನೇ ದಿನ, ಅಥವಾ ಸೊನ್ನೆಯ ದಿನ. ಅಂಗಳದಲ್ಲಿ ಮರದ ಹಲಗೆ ಜೋಡಿಸಿ ವೇದಿಕೆ ಕಟ್ಟಿದ್ದರು. ಗೋಡೆಯ ಬೋರ್ಡನ್ನು ಇಳಿಸಿ ವೇದಿಕೆಯ ಒಂದು ತುದಿಗೆ ನಿಲ್ಲಿಸಿ, ಮೇಲೆ ಬಟ್ಟೆ ಮುಚ್ಚಿದ್ದರು. ಸರ್ವರನ್ನೂ ತಂದು ಪಕ್ಕದ ಮೇಜಿನ ಮೇಲಿಟ್ಟು ತಂತಿ ಚುಚ್ಚಿದ್ದರು. ಓಡುತ್ತಿರುವ ಸರ್ವರನ್ನು ಕೋಣೆಯಿಂದ ವೇದಿಕೆಗೆ ಹೇಗೆ ತಂದಿರಿ ಎಂದು ನೂರು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಹಸಿರು ದೀಪ ಎಲ್ಲರ ಕಡೆಗೂ ಕಣ್ಣು ಹೊಡೆಯುತ್ತಿತ್ತು.

ಸಂಘದ ಸದಸ್ಯರು ನೂರಕ್ಕೂ ಹೆಚ್ಚು ಜನ ಬಂದಿದ್ದರು. ಎಲ್ಲರೂ ಬೂಟಿನವರು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಎಪ್ಪತ್ತು ದಾಟಿದವರು. ಅಣ್ಣನನ್ನು ಕೈಹಿಡಿದು ಕರೆತಂದು ನಾನು ಎರಡನೇ ಸಾಲಿನಲ್ಲಿ ಕೂತೆ. ನನಗೂ ಒಂದು ಫಲಕ ಇತ್ತು: 'ಎರಡು ಸಾವಿರ ದಿನ ಸರ್ವರ್ ನಿಲ್ಲದಂತೆ ಕಾಪಾಡಿದ್ದಕ್ಕಾಗಿ'. ಹೌದಪ್ಪ ಅದನ್ನು ಮೊದಲೇ ತೋರಿಸಿ, ಕರೆದಾಗ ನಗುನಗುತ್ತಾ ಬರಬೇಕು ಎಂದು ಎಚ್ಚರಿಸಿದ್ದ.

ಯಜಮಾನರ ಕಾಲಲ್ಲಿ ಹೊಸ ಬೂಟು. ಅಣ್ಣ ಸಮಾರಂಭದ ದಿನದವರೆಗೂ ಆಸ್ಪತ್ರೆಯಲ್ಲೇ ಇದ್ದುದರಿಂದ ಹೊಸ ಮೇಸ್ತ್ರಿ ಪುಡಿಯಾದ ಪದರಗಳನ್ನು ನೋಡಿ ಅಂದಾಜಿನಲ್ಲಿ ಹೊಲಿದದ್ದು. ಹೊಲಿಗೆ ಮುತ್ತಿನಂತಿತ್ತು. ಅವರು ವೇದಿಕೆಯ ಈ ತುದಿಯಲ್ಲಿ ಹತ್ತಿದರು, ಬೋರ್ಡು ಆ ತುದಿಯಲ್ಲಿತ್ತು. ನಡುವೆ ಹದಿನೈದು ಹೆಜ್ಜೆ.

ಮೊದಲ ಹೆಜ್ಜೆ ಟಕ್ ಎಂದಿತು. ಎರಡನೆಯದು ಧಪ್ ಎಂದಿತು. ಟಕ್, ಧಪ್. ಟಕ್, ಧಪ್. ಹಲಗೆಯ ಕೆಳಗೆ ಟೊಳ್ಳು, ಸದ್ದು ಇಡೀ ಅಂಗಳಕ್ಕೆ ಕೇಳುತ್ತಿತ್ತು. ಬೇರೆ ಯಾವ ಸಭೆಯಾಗಿದ್ದರೂ ಜನ ಯಜಮಾನರ ಮುಖವನ್ನೋ ಬೋರ್ಡನ್ನೋ ನೋಡುತ್ತಿದ್ದರು. ಇದು ಬೂಟಿನವರ ಸಭೆ. ನೂರು ಜೊತೆ ಕಣ್ಣು ಒಟ್ಟಿಗೆ ಕೆಳಕ್ಕೆ ಇಳಿದು ಅವರ ಬಲಗಾಲಿನ ಮೇಲೆ ಕೂತವು.

ಯಜಮಾನರು ಬಟ್ಟೆ ಎಳೆದರು. ಎರಡು, ಸೊನ್ನೆ, ಸೊನ್ನೆ, ಸೊನ್ನೆ. ಹೌದಪ್ಪ ಒಬ್ಬನೇ ಚಪ್ಪಾಳೆ ತಟ್ಟಿದ.

"ಎರಡು ಸಾವಿರ ದಿನ, ಒಂದು ಕ್ಷಣವೂ ನಿಲ್ಲದೆ..." ಎಂದು ಯಜಮಾನರು ಮೈಕಿನಲ್ಲಿ ಶುರುಮಾಡಿದರು.

"ಅದಿರ್ಲಿ ಯಜಮಾನ್ರೇ" ಎಂದರು ಅಧ್ಯಕ್ಷರು, ಕೂತಲ್ಲಿಂದಲೇ, ನಿಜವಾದ ಕಾಳಜಿಯಿಂದ. "ಕಾಲಿಗೇನಾಯ್ತು?"

"ಏನಿಲ್ಲ, ಸ್ವಲ್ಪ ಉಳುಕಿದೆ."

"ಉಳುಕಿದ ಕಾಲು ಹಾಗೆ ಬೀಳಲ್ಲ. ಅದು ಗಿಡ್ಡ. ಒಳಗಿನ ಪದರ ಓರೆ ತಪ್ಪಿದೆ."

"ಮುಕ್ಕಾಲು ಇಂಚು" ಎಂದ ಹಿಂದಿನ ಸಾಲಿನವನೊಬ್ಬ.

"ಅರ್ಧ ಇರ್ಬೇಕು" ಎಂದ ಇನ್ನೊಬ್ಬ.

ಯಜಮಾನರ ಮುಖದಲ್ಲಿ ರಕ್ತ ಇಂಗಿಹೋಯಿತು. ಅವರ ಮೇಲೆ ಎಂಟು ತಿಂಗಳು ಹೊತ್ತಿದ್ದ ಸಿಟ್ಟು ನನಗೆ ಆ ಗಳಿಗೆಯಲ್ಲಿ ಸಿಗಲಿಲ್ಲ. ಹುಡುಕಿದೆ, ಸಿಗಲಿಲ್ಲ. ಹುಟ್ಟಿದಾಗಿನಿಂದ ಮುಚ್ಚಿಟ್ಟ ಕಾಲನ್ನು ನೂರು ಜನ ಹೀಗೆ ಬಯಲಲ್ಲಿ ಅಳೆಯುತ್ತಿದ್ದರೆ ಯಾರಿಗೆ ತಾನೆ ಜೀವ ಹಿಂಡದು? ಅಷ್ಟರಲ್ಲಿ ಪಕ್ಕದಲ್ಲಿ ಅಣ್ಣ ಕುತ್ತಿಗೆ ಮುಂದಕ್ಕೆ ಚಾಚಿ, ತಲೆ ಓರೆ ಮಾಡಿ ಕೂತದ್ದನ್ನು ಕಂಡೆ. ಅವನ ಬೆರಳುಗಳು ಮೊಣಕಾಲಿನ ಮೇಲೆ ಟಕ್, ಧಪ್ ಎಂದು ತಾಳ ಹಾಕುತ್ತಿದ್ದವು.

"ತಂಗೀ, ಕಾಗದ ಇದೆಯಾ?" ಎಂದ.

ಕೈಯಲ್ಲಿದ್ದ ಆಮಂತ್ರಣ ಪತ್ರಿಕೆಯನ್ನು ತಿರುವಿ ಹಿಡಿದೆ.

"ಬರ್ಕೋ. ಒಂದನೇ ನಂಬರು. ಬಲಗಾಲು ಮುಕ್ಕಾಲು ಇಂಚು. ಮೂರನೇ ಪದರದ ಓರೆ ಒಳಕ್ಕಿರ್ಬೇಕು, ಈ ಹುಡುಗ ಹೊರಕ್ಕೆ ಕೂರಿಸಿದಾನೆ, ಅದಕ್ಕೇ ಧಪ್ ಅನ್ನತ್ತೆ. ಆರನೇದು..." ಅವನು ತಡೆದ. ಆಮೇಲೆ ಎದ್ದು ನಿಂತು, ವೇದಿಕೆ ಇರಬಹುದೆಂದು ಅವನಿಗೆ ತೋರಿದ ದಿಕ್ಕಿಗೆ ಮುಖ ಮಾಡಿ, ವರ್ಕ್‌ಶಾಪಿನಲ್ಲಿ ಗಿರಾಕಿಗಳಿಗೆ ಹೇಳುವ ದನಿಯಲ್ಲೇ ಗಟ್ಟಿಯಾಗಿ ಹೇಳಿದ: "ಯಜಮಾನ್ರೇ, ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ನಡೀರಿ."

ಅಂಗಳದಲ್ಲಿ ಯಾರೂ ನಗಲಿಲ್ಲ. ಅಲ್ಲಿದ್ದವರೆಲ್ಲ ಕಸುಬುದಾರರು, ಅಳತೆ ತೆಗೆಯುವಾಗ ನಗಬಾರದು ಎಂಬುದು ಅವರಿಗೆ ಗೊತ್ತು. ಅಧ್ಯಕ್ಷರು ಕೈಸನ್ನೆ ಮಾಡಿ ಪಿಸುಗುಟ್ಟುವವರನ್ನು ಸುಮ್ಮನಿರಿಸಿದರು. ಫ್ಯಾನಿನ ಗುಂಯ್ ಅಡ್ಡ ಬರುತ್ತಿದೆ ಎಂದು ಯಾರೋ ಗೊಣಗಿದರು. ಯಜಮಾನರು ಮೈಕನ್ನು ಮೇಜಿನ ಮೇಲಿಟ್ಟರು. ಬೋರ್ಡಿನ ಕಡೆ ನೋಡಿದರು. ಅಣ್ಣನ ಕಡೆ ನೋಡಿದರು. ಆಮೇಲೆ ಬಗ್ಗಿ ಸರ್ವರಿನ ತಂತಿಯನ್ನು ತಾವೇ ಕಿತ್ತರು.

ಹಸಿರು ದೀಪ ಆರಿತು. ಫ್ಯಾನು ನಿಂತಿತು. ಅವರು ವೇದಿಕೆಯ ಆ ತುದಿಯಿಂದ ಈ ತುದಿಗೆ ಹದಿನೈದು ಹೆಜ್ಜೆ ನಡೆದುಬಂದರು.

"ಸಾಕಾ ಮೇಸ್ತ್ರಿ?"

"ಇಲ್ಲ, ತಿರುಗಿ ನಡೀರಿ. ನಿಧಾನ."

ಅವರು ತಿರುಗಿದರು. ನಾನು ಬರೆದುಕೊಳ್ಳುತ್ತಾ ಹೋದೆ. ಆಮಂತ್ರಣದ ಹಿಂಬದಿ ತುಂಬಿದ ಮೇಲೆ ಮುಂದಿನ ಸಾಲಿನಿಂದ ಅಧ್ಯಕ್ಷರು ತಮ್ಮದನ್ನು ಚಾಚಿದರು. ಅದೂ ಅರ್ಧ ಆಗುವಷ್ಟರಲ್ಲಿ ಅಣ್ಣ ನನ್ನ ಕಡೆ ಬಗ್ಗಿ, "ನಾಳೆಯಿಂದ ಒಬ್ಬೊಬ್ಬರನ್ನೇ ಕರೆಸು. ಟೀಚರನ್ನ ಮೊದಲು ಕರೆಸು" ಎಂದ. ಇನ್ನೂ ಸಾವಿರದ ನೂರ ಹದಿನಾರು ಜನ. ಎರಡು ತಿಂಗಳಲ್ಲಿ ಎಷ್ಟಾದರೆ ಅಷ್ಟು.